ಅಡುಗೆಮನೆ ಬಾಗಿಲಿನ ರೈಲ್ವೆ ಗೇಟು

ನನಗೆ ಕೋಪ ಬಂದಿದೆ. ಇದೇನು ಹೊಸ ಸುದ್ದಿಯೇ ಎಂದು ನಮ್ಮ ಬಸ್ ನಿಲ್ದಾಣದವರು ಕೇಳುತ್ತಾರೆ. ಕೇಳಲಿ. ಅವರ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದರೆ ಎದ್ದು ಹೋಗಿ ಆರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನನಗೆ ಬೇಕು. ನನ್ನ ಸ್ವಂತ ಅಡುಗೆಮನೆಗೆ ನನ್ನ ಸ್ವಂತ ಕಾಲಲ್ಲಿ ನಡೆದು ಹೋಗಬೇಕಾದರೂ ಬಾಗಿಲಲ್ಲಿ ಹಸಿರು ಬಾವುಟ ಏಳಬೇಕು. ಅಲ್ಲಿಯವರೆಗೆ ಹಾಲು ಉಕ್ಕಲಿ, ತಳ ಹಿಡಿಯಲಿ, ಮನೆಯೇ ಹೊತ್ತಿಕೊಳ್ಳಲಿ, ನಾನು ಹೊಸ್ತಿಲಲ್ಲಿ ನಿಂತು ಬೆರಳು ದಪ್ಪದ ರೈಲು ದಾಟುವುದನ್ನು ನೋಡುತ್ತಿರಬೇಕು. ನೀವೇ ಹೇಳಿ, ಇದು ಸಂಸಾರವೋ, ಜಂಕ್ಷನ್ನೋ?

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡಬೇಕು ಎಂದು ನಿರ್ಧರಿಸಿ ಹೊರಡಿಸುವವಳು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಮೂಗಿನ ತುದಿಯಲ್ಲಿ ಕೋಪ, ಈ ಮೂರೂ ಇಲ್ಲದೆ ನಾನು ಕೆಲಸಕ್ಕೆ ಹೋದದ್ದೇ ಇಲ್ಲ. ನಾನು ಸೀಟಿ ಊದಿದರೆ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿರುವ ಡ್ರೈವರ್ ಲೋಟದ ಸಮೇತ ಓಡಿ ಬಂದು ಸ್ಟಿಯರಿಂಗ್ ಹಿಡಿಯುತ್ತಾನೆ. ಎದುರಿಗೆ ಎಲ್ಲರೂ ‘ಮೇಡಂ’ ಎನ್ನುತ್ತಾರೆ. (ಬೆನ್ನ ಹಿಂದೆ ಏನನ್ನುತ್ತಾರೆ ಎಂಬುದೂ ನನಗೆ ಗೊತ್ತು. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ.)

ನಮ್ಮವರಿಗೆ ಕನ್ನಡಕದ ಅಂಗಡಿ. ದಿನವಿಡೀ ತಲೆ ಬಗ್ಗಿಸಿಕೊಂಡು ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ತಿರುಗಿಸುವ ಕೆಲಸ. ಒಂದು ದಿನ ಕಣ್ಣಿನ ಡಾಕ್ಟರು, “ಹತ್ತಿರದ್ದನ್ನೇ ನೋಡಿ ನೋಡಿ ಕಣ್ಣು ಸೋತಿದೆ. ಸಂಜೆ ಹೊತ್ತಾದರೂ ದೂರದ್ದನ್ನ ನೋಡಿ. ಬೆಟ್ಟ ಗುಡ್ಡ, ಗಿಡ ಮರ, ಹೀಗೆ” ಎಂದರಂತೆ. ಬೇರೆಯವರ ಗಂಡಂದಿರಾಗಿದ್ದರೆ ಸಂಜೆ ಪಾರ್ಕಿಗೆ ಹೋಗುತ್ತಿದ್ದರು. ನಮ್ಮವರು ಬೆಟ್ಟವನ್ನೇ ಮನೆಗೆ ತಂದರು. ಬೆಟ್ಟ ಬಂದಮೇಲೆ ಅದಕ್ಕೊಂದು ರೈಲು ಬೇಕಲ್ಲ?

ಮೊದಲು ಬಂದದ್ದು ಒಂದು ಇಂಜಿನ್ನು, ಮೂರು ಬೋಗಿ, ಊಟದ ಮೇಜಿನ ಮೇಲೆ ಒಂದು ಸುತ್ತು ಹಳಿ. “ಒಂದೇ ಒಂದು ಸುತ್ತು ಕಣೇ, ಊಟದ ಹೊತ್ತಿಗೆ ತೆಗೆದಿಟ್ಟುಬಿಡ್ತೀನಿ” ಎಂದರು. ತೆಗೆದಿಟ್ಟರು ಕೂಡ. ಹಳಿಯನ್ನಲ್ಲ, ತಟ್ಟೆಗಳನ್ನು. ಅಂದಿನಿಂದ ನಾವು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೇವೆ, ಮೇಜಿನ ಮೇಲೆ ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಮಾಡಿದ ಹುಲ್ಲು ಬೆಳೆಯುತ್ತಿದೆ. ಬೆರಳು ತೋರಿಸಿದರೆ ಹಸ್ತ ನುಂಗುವುದು ಎಂದರೆ ಏನು ಎಂದು ನನಗೆ ಆಗ ಅರ್ಥವಾಯಿತು. ಆದರೆ ನುಂಗುವವರಿಗೆ ಹಸ್ತ ಸಾಕಾಗಲಿಲ್ಲ.

ನಮ್ಮದು ಅರಮನೆಯಲ್ಲ. ಬೀದಿ ಬಾಗಿಲು ತೆಗೆದರೆ ಹಾಲ್, ಹಾಲ್‌ನ ಹಿಂದೆ ಒಂದು ಮಲಗುವ ಕೋಣೆ, ಪಕ್ಕದಲ್ಲೇ ಅಡುಗೆಮನೆ, ಬಚ್ಚಲು. ಹಾಲ್‌ನಿಂದ ಒಳಗೆ ಹೋಗಲು ಇರುವುದು ಒಂದೇ ಬಾಗಿಲು. ಇಷ್ಟರಲ್ಲಿ ನಾವಿಬ್ಬರು, ಅತ್ತೆ ಸೇರಿ ಮೂರು ಜನ, ಒಂದು ಬೀರು, ಒಂದು ಟಿವಿ. ಇವರು ಮೇಜಿನಿಂದ ಹೊರಟ ಹಳಿಯನ್ನು ಗೋಡೆಗೆ ಹಲಗೆ ಬಡಿದು ಸೊಂಟದ ಎತ್ತರದಲ್ಲಿ ಮುಂದುವರಿಸಿದರು. ಟಿವಿಯ ಮುಂದೆ ಇಂಜಿನ್ನಿಗೆಂದು ನೀರಿನ ಟ್ಯಾಂಕು ಎದ್ದಿತು. ಒಂದು ಸಂಜೆ ನಾನು ಯೂನಿಫಾರ್ಮ್ ತೆಗೆಯಲು ಬೀರು ತೆರೆದರೆ ಒಳಗೆ ಬೆಳಕು!

“ಏನ್ರೀ ಇದು! ಬೀರುವಿಗೆ ಇಲಿ ತೂತು ಕೊರೆದಿದೆ!”

“ಇಲಿ ಅಲ್ಲ ಕಣೇ. ನಾನು.”

“ನೀವ್ಯಾಕ್ರೀ ಕೊರೆದ್ರಿ?”

“ಸುರಂಗ. ಬೀರು ಅಡ್ಡ ಬಂತು.”

“ಬೀರು ಅಡ್ಡ ಬಂತಾ? ಆ ಬೀರು ನಮ್ಮ ಮದುವೆ ಆದಾಗಿಂದ ಅಲ್ಲೇ ನಿಂತಿದೆ. ಅಡ್ಡ ಬಂದಿದ್ದು ನಿಮ್ಮ ರೈಲು!”

“ಸ್ವಲ್ಪ ಮೆತ್ತಗೆ ಮಾತಾಡೇ. ಬೆಟ್ಟದ ಅಂಟು ಇನ್ನೂ ಒಣಗಿಲ್ಲ, ನೀನು ಕೂಗಿದ್ರೆ ಕುಸಿಯುತ್ತೆ.”

ನಾನು ಕೂಗಿದೆ. ಕುಸಿಯಲಿಲ್ಲ. ಅದೂ ಒಂದು ಕೋಪ ನನಗೆ. ಮರುದಿನ ಗೂಡ್ಸ್ ಗಾಡಿಯೊಂದು ಸುರಂಗ ಹೊಕ್ಕು ನನ್ನ ಯೂನಿಫಾರ್ಮಿನ ತೋಳನ್ನು ಕಚ್ಚಿಕೊಂಡು ಆಚೆ ಬಂತು. ಇಡೀ ಅಂಗಿಯನ್ನು ಮೇಜಿನ ಮೇಲಿನ ಸ್ಟೇಷನ್ನಿನವರೆಗೂ ಎಳೆದೊಯ್ದಿತು. ಇವರು ಕೈತಟ್ಟಿ, “ನೋಡು, ಇಂಜಿನ್ನಿಗೆ ಎಂಥಾ ಶಕ್ತಿ!” ಎಂದರು. ಇಂಥವರ ಮುಂದೆ ಬೈಗುಳ ಎಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಕೊನೆಗೆ ಲೋಹಪಥ (ಹಳಿಯನ್ನು ಇವರು ಪ್ರೀತಿ ಬಂದಾಗ ಹಾಗೆ ಕರೆಯುತ್ತಾರೆ) ಒಳಬಾಗಿಲಿನ ಹತ್ತಿರ ಬಂದು ನಿಂತಿತು. ಬಾಗಿಲಿನ ಇನ್ನೊಂದು ಪಕ್ಕ ಹಾಲ್‌ನಲ್ಲೇ ಚಪ್ಪಲಿ ಸ್ಟ್ಯಾಂಡ್, ಅದರ ಮೇಲೆ ಬೆಟ್ಟದ ಸ್ಟೇಷನ್ನು. ನಡುವೆ ಬಾಗಿಲು. ಇವರು ಎರಡು ಭಾನುವಾರ ಗಲ್ಲಕ್ಕೆ ಕೈಯಿಟ್ಟು ಯೋಚಿಸಿ ಬಾಗಿಲಿಗೆ ಅಡ್ಡಲಾಗಿ ಸೇತುವೆ ಕಟ್ಟಿದರು. ಒಂದು ತುದಿಗೆ ಕೀಲು ಹಾಕಿದ ಹಲಗೆ. ಎತ್ತಿದರೆ ಗೋಡೆಗೆ ಒರಗಿಕೊಳ್ಳುತ್ತದೆ, ಇಳಿಸಿದರೆ ಒಳಗಿನವರು ಒಳಗೆ, ಹೊರಗಿನವರು ಹೊರಗೆ.

“ಕೆಳಗಿಂದ ಬಗ್ಗಿ ಬಂದ್ರಾಯ್ತಪ್ಪ” ಎಂದರು. ಹೇಳುವುದು ಸುಲಭ. ನನ್ನ ಮೊಣಕಾಲಿಗೂ ನನಗೂ ಮಾತು ಬಿಟ್ಟು ಬಹಳ ಕಾಲವಾಯಿತು. ಆದರೂ ಒಂದು ಸಲ ಬಗ್ಗಿದೆ. ಅರ್ಧ ದಾಟಿದ ಮೇಲೆ ದಾಟಿ ಆಯಿತೆಂದು ತಿಳಿದು ಎದ್ದೆ. ಸೇತುವೆ ನನ್ನ ತಲೆಯ ಮೇಲೆ ಎದ್ದಿತು. ಅದರ ಮೇಲಿದ್ದ ಇಂಜಿನ್ನು ನೆಲ ಒರೆಸುವ ಬಕೆಟ್ಟಿಗೆ ಬಿತ್ತು. ಇವರು ಓಡಿ ಬಂದು ಎತ್ತಿ, ಒರೆಸಿ, ಊದಿ, ಎದೆಗೆ ಒತ್ತಿಕೊಂಡರು. ಇಂಜಿನ್ನನ್ನು ಮಾರಾಯರೇ, ನನ್ನನ್ನಲ್ಲ! ನನ್ನ ನೆತ್ತಿಯ ಬುಗುಟನ್ನು ಯಾರೂ ಕೇಳಲಿಲ್ಲ.

ಅತ್ತೆ ನನ್ನ ಪಕ್ಷ ಎಂದುಕೊಂಡಿದ್ದೆ. ಟಿವಿಯ ಅರ್ಧ ಪರದೆಯನ್ನು ನೀರಿನ ಟ್ಯಾಂಕು ಮುಚ್ಚಿತ್ತು, ಧಾರಾವಾಹಿಯಲ್ಲಿ ಯಾರು ಯಾರಿಗೆ ವಿಷ ಹಾಕಿದರು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. “ನಿಮ್ಮ ಮಗನಿಗೆ ನೀವಾದ್ರೂ ಬುದ್ಧಿ ಹೇಳಿ ಅತ್ತೆ” ಎಂದು ಅಳುಮೋರೆ ಮಾಡಿ ಹೇಳಿ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಅತ್ತೆ ಒಳಬಾಗಿಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಒಂದು ಕೈಯಲ್ಲಿ ನನ್ನ ಕೆಂಪು ಕರ್ಚೀಫು, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಹಸಿರು ಮಸಿಬಟ್ಟೆ. ಎರಡಕ್ಕೂ ಕಡ್ಡಿ ಸಿಕ್ಕಿಸಿದೆ.

“ಅತ್ತೆ, ನೀವೂನಾ?”

“ಸುಮ್ನೆ ನಿಂತ್ಕೊಳ್ಳಮ್ಮ. ಎಕ್ಸ್‌ಪ್ರೆಸ್ ಬರ್ತಿದೆ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಸೇರಿ ಒಂದೇ ಕಡೆ ಎಳೆದವು, ನಾನೊಬ್ಬಳು ನೊಗದ ಕೆಳಗೆ ಉಳಿದೆ.

ಹೋಗಲಿ, ಸಹಿಸಿಕೊಂಡೆ. ಆದರೆ ಸಹಿಸಲಾಗದ್ದು ಒಂದಿತ್ತು. ಒಂದು ರಜಾದಿನ ಕೂತು ನೋಡಿದೆ, ಇವರು ಗಾಡಿ ಓಡಿಸುವ ಚೆಂದವನ್ನು. ರೈಲು ಸೇತುವೆಯ ಹತ್ತಿರ ಬರುತ್ತದೆ. ಅಷ್ಟರಲ್ಲಿ ಅತ್ತೆಗೆ ಬಚ್ಚಲಿಗೆ ಹೋಗಬೇಕೆನಿಸುತ್ತದೆ. ಇವರು ಗಾಡಿ ನಿಲ್ಲಿಸಿ ಸೇತುವೆ ಎತ್ತುತ್ತಾರೆ. ಹಿಂದೆ ಬರುತ್ತಿದ್ದ ಗೂಡ್ಸ್ ಗಾಡಿ ಸುರಂಗದಲ್ಲೇ ಕಾಯುತ್ತದೆ. ಸೇತುವೆ ಇಳಿಯುತ್ತದೆ. ಹಾಲಿನವನು ಬೆಲ್ ಮಾಡುತ್ತಾನೆ. ಒಳಗಿನಿಂದ ಪಾತ್ರೆ ತರಲು ಮತ್ತೆ ಎತ್ತುತ್ತಾರೆ. ಯಾವ ಗಾಡಿ ಯಾವಾಗ ಹೊರಟಿತು, ಯಾವಾಗ ತಲುಪಿತು, ಹೇಳುವವರಿಲ್ಲ ಕೇಳುವವರಿಲ್ಲ. ನನಗೆ ಮೈಯೆಲ್ಲಾ ಉರಿಯಿತು.

“ರೀ! ನಡುದಾರೀಲಿ ಗಾಡಿ ನಿಲ್ಲಿಸೋದಾ? ಇದೇನು ರೈಲೋ, ಎಮ್ಮೆಯೋ?”

“ಅಮ್ಮ ಹೋಗ್ಬೇಕಲ್ಲ ಕಣೇ...”

“ಅಮ್ಮ ಗಾಡಿ ಹೋದ್ಮೇಲೆ ಹೋಗ್ಲಿ! ಪ್ಯಾಸೆಂಜರ್ ಎಷ್ಟು ಹೊತ್ತಿಗೆ?”

“ಹೊತ್ತು ಅಂತ ಏನಿಲ್ಲ. ಮನಸ್ಸು ಬಂದಾಗ.”

ಮನಸ್ಸು ಬಂದಾಗ! ಇಷ್ಟು ವರ್ಷ ಬಸ್ ನಿಲ್ದಾಣದಲ್ಲಿ ಗಂಟಲು ಹರಿದುಕೊಂಡ ಹೆಂಗಸಿನ ಮನೆಯಲ್ಲಿ ಗಾಡಿಗಳು ಮನಸ್ಸು ಬಂದಾಗ ಓಡುತ್ತವೆ ಎಂದರೆ ನಾನು ಹೊರಗೆ ಮುಖ ತೋರಿಸುವುದು ಹೇಗೆ? ಅವತ್ತೇ ಕೂತು ಟೈಮ್‌ಟೇಬಲ್ ಹಾಕಿದೆ. ಬೆಳಿಗ್ಗೆ ಏಳಕ್ಕೆ ಪ್ಯಾಸೆಂಜರ್, ನಾನು ಅಡುಗೆಮನೆಯಲ್ಲಿ ಟೀ ಕುಡಿಯುವ ಹೊತ್ತಿಗೆ ದಾಟಿ ಹೋಗುವ ಹಾಗೆ. ಅದಕ್ಕೂ ಮೊದಲು ಗೂಡ್ಸು. ಸಂಜೆ ಏಳಕ್ಕೆ ಎಕ್ಸ್‌ಪ್ರೆಸ್ಸು. ಆಮೇಲೆ ಕಾನೂನು ಮಾಡಿದೆ. ಒಮ್ಮೆ ಗೇಟ್ ಬಿತ್ತೆಂದರೆ ಗಾಡಿ ಸ್ಟೇಷನ್ ಸೇರಿ ಹಸಿರು ಬಾವುಟ ಏಳುವ ತನಕ ಸೇತುವೆ ಎತ್ತುವಂತಿಲ್ಲ, ಕೆಳಗೆ ಬಗ್ಗುವಂತಿಲ್ಲ.

“ಯಾರು ಬಂದ್ರೂ ಬಿಡ್ಬಾರ್ದಾ?” ಎಂದರು ಅತ್ತೆ.

“ನಾನೇ ಬಂದ್ರೂ ಬಿಡ್ಬಾರ್ದು. ಆಣೆ ಮಾಡಿ.”

ಇಬ್ಬರೂ ಆಣೆ ಮಾಡಿದರು. ನಿನಗೂ ರೈಲಿನ ಹುಚ್ಚು ಹಿಡಿಯಿತಲ್ಲ ಎಂದು ನೀವು ಈಗ ನಗಬಹುದು. ಬಾಯಿ ಮುಚ್ಚಿ. ಹುಚ್ಚು ಬೇರೆ, ಶಿಸ್ತು ಬೇರೆ. ನಾನು ಆ ರೈಲನ್ನು ದ್ವೇಷಿಸುತ್ತೇನೆ. ಅದು ತಡವಾಗಿ ಓಡುವುದನ್ನು ಇನ್ನೂ ಹೆಚ್ಚು ದ್ವೇಷಿಸುತ್ತೇನೆ, ಅಷ್ಟೇ.

ಹೀಗಿರುವಾಗ ನಮ್ಮ ಡಿಪೋದಲ್ಲಿ ಮುಖ್ಯ ಕಂಟ್ರೋಲರ್ ಹುದ್ದೆ ಖಾಲಿಯಾಯಿತು. ಹುದ್ದೆಗಿಂತ ಹೆಚ್ಚಾಗಿ ನನ್ನ ಕಣ್ಣು ಇದ್ದದ್ದು ಅದರ ಜೊತೆ ಬರುವ ಕ್ವಾರ್ಟರ್ಸಿನ ಮೇಲೆ. ಒಮ್ಮೆ ಒಳಗೆ ಹೋಗಿ ನೋಡಿ ಬಂದಿದ್ದೆ. ಮೂರು ಕೋಣೆ, ಉದ್ದನೆಯ ಹಾಲ್, ಹಿಂದೆ ವರಾಂಡ. ಎಲ್ಲಕ್ಕಿಂತ ಮುಖ್ಯವಾಗಿ ಅಡುಗೆಮನೆಗೆ ಎರಡು ಬಾಗಿಲು! ಎರಡು! ಒಂದಕ್ಕೆ ಯಾರಾದರೂ ಅಡ್ಡ ನಿಂತರೆ ಇನ್ನೊಂದರಿಂದ ಹೋಗಬಹುದು. ರಾಣಿಯರು ಕೂಡ ಇದಕ್ಕಿಂತ ಹೆಚ್ಚು ಏನು ಕೇಳುತ್ತಾರೆ? ಆ ಎರಡು ಬಾಗಿಲು ನನ್ನ ಕನಸಿನಲ್ಲಿ ಬಂದು ತೆರೆದುಕೊಳ್ಳುತ್ತಿದ್ದವು.

ಸ್ಪರ್ಧೆಯಲ್ಲಿದ್ದವರು ಇಬ್ಬರೇ, ನಾನು ಮತ್ತು ‘ಮೀಸೆ’. ಮೀಸೆ ಎಂದರೆ ನನ್ನ ಜೊತೆಯ ಕಂಟ್ರೋಲರ್. ಅವನಲ್ಲಿ ಎದ್ದು ಕಾಣುವುದು ಅದೊಂದೇ ಆದ್ದರಿಂದ ಎಲ್ಲರೂ ಹಾಗೇ ಕರೆಯುತ್ತಾರೆ. ಬೆಳಗಿನ ಪಾಳಿಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮೇಲಿನ ಸಾಹೇಬರು ಬಂದು ಎಂಟರ ಬಸ್ಸನ್ನು ನಾನು, ಎಂಟೂವರೆಯ ಬಸ್ಸನ್ನು ಮೀಸೆ ಹೊರಡಿಸುವುದನ್ನು ನೋಡಿ ತೀರ್ಮಾನ ಮಾಡುತ್ತಾರೆ ಎಂದು ಸುದ್ದಿ ಬಂತು. ನನಗೆ ನಗು ಬಂತು. ಕ್ವಾರ್ಟರ್ಸಿನ ಕಿಟಕಿಗೆ ಯಾವ ಬಣ್ಣದ ಪರದೆ ಎಂದು ಅಂದೇ ಯೋಚಿಸತೊಡಗಿದೆ.

ಸಾಹೇಬರು ಬರುವ ಹಿಂದಿನ ಸಂಜೆ ಇವರು ಅಳತೆಯ ಟೇಪು ಹಿಡಿದು ಮೆಲ್ಲಗೆ ಪಕ್ಕಕ್ಕೆ ಬಂದರು.

“ಅಲ್ಲ ಕಣೇ, ಆ ಕ್ವಾರ್ಟರ್ಸ್ ಹಾಲ್ ಎಷ್ಟು ಉದ್ದ ಇರ್ಬಹುದು?”

“ಯಾಕೆ?”

“ಸುಮ್ನೆ. ಡಬಲ್ ಲೈನ್ ಹಾಕ್ಬಹುದಾ ಅಂತ.”

“ನಿಮಗೆ ಹಿಂದಿನ ವರಾಂಡ. ಅಷ್ಟೇ! ಹಾಲ್‌ನಲ್ಲಿ ಒಂದೇ ಒಂದು ಹಳಿ ಕಂಡ್ರೂ ನಿಮ್ಮನ್ನೂ ನಿಮ್ಮ ರೈಲನ್ನೂ ಒಂದೇ ಮೂಟೆ ಕಟ್ಟಿ ಬಸ್ ಟಾಪಿಗೆ ಹಾಕ್ತೀನಿ!”

“ಯಾವ ಬಸ್ಸಮ್ಮ?” ಎಂದರು ಅತ್ತೆ. ತಿಳಿದುಕೊಳ್ಳುವ ಆಸಕ್ತಿಯಿಂದಲೇ ಕೇಳಿದರು.

ಇವರು ಟೇಪು ಸುತ್ತಿಟ್ಟು, “ನಾಳೆ ಬೆಳಿಗ್ಗೆ ಗಾಡಿ ಬಿಡೋದು ಬೇಡ ಬಿಡು. ನಿನಗೆ ಮುಖ್ಯವಾದ ದಿನ” ಎಂದರು.

ಮನುಷ್ಯ ಒಳ್ಳೆಯ ಮಾತೇ ಆಡಿದ್ದರು. ಒಪ್ಪಿಕೊಂಡಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ನನ್ನ ನಾಲಗೆ ನೆಟ್ಟಗಿರಬೇಕಲ್ಲ? “ಯಾಕ್ರೀ? ಸಾಹೇಬ್ರು ಬರ್ತಾರೆ ಅಂತ ಊರಿನ ಬಸ್ಸೆಲ್ಲ ನಿಲ್ಲಿಸ್ತೀವಾ? ಟೈಮ್‌ಟೇಬಲ್ ಅಂದ್ರೆ ಟೈಮ್‌ಟೇಬಲ್. ಏಳರ ಪ್ಯಾಸೆಂಜರ್ ಏಳಕ್ಕೆ ಹೊರಡ್ಬೇಕು!” ಎಂದು ಗದರಿದೆ.

ಬೆಳಿಗ್ಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು, ಸೀಟಿಯನ್ನು ತಿಕ್ಕಿ ಹೊಳೆಯಿಸಿ ಕತ್ತಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಸೇತುವೆ ಇಳಿದ ಸದ್ದಾಯಿತು. ಗೂಡ್ಸ್ ಗಾಡಿ ಬರುವ ಸದ್ದೂ ಆಯಿತು. ಆಮೇಲೆ ಟಕ್ ಎಂದಿತು. ಆಮೇಲೆ ಏನೂ ಇಲ್ಲ.

ಲೋಟ ಇಟ್ಟು ಬಾಗಿಲಿಗೆ ಬಂದೆ. ಸೇತುವೆಯ ಮೇಲೆ ಉದ್ದಕ್ಕೂ ಗೂಡ್ಸ್ ಗಾಡಿ. ನಡುವಿನ ಎರಡು ಬೋಗಿ ಹಳಿ ಬಿಟ್ಟು ಪಕ್ಕಕ್ಕೆ ಒರಗಿವೆ. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಯಲ್ಲಿ ಚಿಮಟ ಹಿಡಿದು ಬಗ್ಗಿದ್ದಾರೆ. ಅತ್ತೆ ಸ್ಟೂಲಿನ ಮೇಲೆ ಕೆಂಪು ಬಾವುಟ ಎತ್ತಿ ಹಿಡಿದು ಕೂತಿದ್ದಾರೆ.

“ಎತ್ತಿ ಸೇತುವೆ. ನನಗೆ ಹೊತ್ತಾಯ್ತು.”

“ಎತ್ತಿದ್ರೆ ಅಷ್ಟೂ ಬೋಗಿ ಕೆಳಗೆ ಬೀಳುತ್ತೆ ಕಣೇ. ಒಂದೇ ನಿಮಿಷ.”

“ಹಾಗಾದ್ರೆ ಬಗ್ಗಿ ಬರ್ತೀನಿ.”

ಅತ್ತೆ ಕೆಂಪು ಬಾವುಟವನ್ನು ನನ್ನ ಮೂಗಿಗೇ ತಂದರು. “ಬಗ್ಗೋ ಹಾಗಿಲ್ಲ. ಕಾನೂನು.”

“ಅತ್ತೆ, ಕಾನೂನು ಮಾಡಿದ್ದು ನಾನು!”

“ಅದಕ್ಕೇ ಹೇಳ್ತಿದ್ದೀನಿ. ನಾನೇ ಬಂದ್ರೂ ಬಿಡ್ಬೇಡಿ ಅಂದವಳು ನೀನೇ ತಾನೆ? ಆಣೆ ಬೇರೆ ಮಾಡಿಸಿಕೊಂಡೆ. ಈ ವಯಸ್ಸಿನಲ್ಲಿ ಆಣೆ ಮುರೀಲಾ?”

ಮಾಡಿದ್ದುಣ್ಣೋ ಮಹಾರಾಯ! ಹಲ್ಲು ಕಡಿಯುತ್ತಾ ನಿಂತೆ. ಇವರು ಚಿಮಟದಿಂದ ಒಂದು ಚಕ್ರ ಎತ್ತಿ ಇಡುತ್ತಾರೆ, ಇನ್ನೊಂದು ಜಾರುತ್ತದೆ. ಅದನ್ನು ಇಡುತ್ತಾರೆ, ಮೊದಲಿನದು ಜಾರುತ್ತದೆ. “ಛೆ ಛೆ, ಪಾಪ” ಎಂದು ಬೋಗಿಯ ಬೆನ್ನು ಸವರುತ್ತಾರೆ. ಆಗ ನನ್ನ ಕಣ್ಣು ಹಿಂದಕ್ಕೆ ಹೋಯಿತು. ಮೇಜಿನ ಸ್ಟೇಷನ್ನಿನಲ್ಲಿ ಏಳರ ಪ್ಯಾಸೆಂಜರ್ ಹೊರಡಲಾಗದೆ ನಿಂತಿತ್ತು. ನಾನು ಹಾಕಿದ ಗಾಡಿ, ನಾನು ಕೊಟ್ಟ ಹೊತ್ತು! ಗಂಟೆ ಏಳು ದಾಟಿತ್ತು.

ಇನ್ನು ತಡೆಯಲಾಗಲಿಲ್ಲ. ಸೀಟಿ ಬಾಯಿಗಿಟ್ಟು ಊದಿದೆ. ಬಸ್ ನಿಲ್ದಾಣಕ್ಕೆಂದು ಮಾಡಿದ ಸೀಟಿ, ಮನೆಯೊಳಗೆ ಹೇಗೆ ಕೇಳಿಸಿರಬೇಕು ನೀವೇ ಊಹಿಸಿ. ಇವರ ಕೈಯಿಂದ ಚಿಮಟ ಹಾರಿತು. ಪಕ್ಕದ ಮನೆಯ ನಾಯಿ ಬೊಗಳಿತು.

“ರೀ! ಭಾರದ ಬೋಗಿ ಹಿಂದೆ, ಖಾಲಿ ಬೋಗಿ ನಡುವೆ ಹಾಕಿದ್ದೀರಲ್ಲ, ಎಳೆತಕ್ಕೆ ಖಾಲಿಯದು ಎದ್ದು ಆಚೆ ಬೀಳದೆ ಇನ್ನೇನಾಗುತ್ತೆ? ಆ ಟ್ಯಾಂಕರ್‌ನಲ್ಲಿ ಏನು ತುಂಬಿದ್ದೀರಿ?”

“ಹಳೇ ಸ್ಕ್ರೂ.”

“ಅದನ್ನ ಇಂಜಿನ್ ಹಿಂದಕ್ಕೇ ತನ್ನಿ. ಖಾಲಿ ಬೋಗಿ ಕೊನೇಗೆ. ಅತ್ತೆ, ಸುಮ್ನೆ ಕೂತ್ಕೊಂಡು ಏನು ನೋಡ್ತೀರಿ? ಪ್ಯಾಸೆಂಜರ್‌ಗೆ ಕೆಂಪು ತೋರ್ಸಿ! ಬಾವುಟ ನನ್ನ ಕಡೆ ಅಲ್ಲ, ಆ ಕಡೆ!”

ಮಾರಾಯರೇ, ಆಮೇಲೆ ನನಗೆ ಪ್ರಪಂಚ ಬೇರೆ ಇರಲಿಲ್ಲ. ಬಾಗಿಲ ಒಳಬದಿಯಲ್ಲಿ ನಿಂತೇ ಒಂದೊಂದು ಬೋಗಿ ಬಿಚ್ಚಿಸಿದೆ, ಸೇರಿಸಿದೆ. ಇಂಜಿನ್ನನ್ನು ಹಿಂದಕ್ಕೆ ತರಿಸಿದೆ, ಮುಂದಕ್ಕೆ ಕಳಿಸಿದೆ. ಗೂಡ್ಸ್ ಗಾಡಿ ಒಮ್ಮೆ ದಾಟಿತು. ದಾಟಿದ ರೀತಿ ಸರಿಯಿಲ್ಲವೆಂದು ಹಿಂದಕ್ಕೆ ಕರೆಸಿ ಮತ್ತೊಮ್ಮೆ ದಾಟಿಸಿದೆ. (ಆ ಎರಡನೆಯ ಸಲದ ಅಗತ್ಯ ಏನಿತ್ತು ಎಂದು ದಯವಿಟ್ಟು ಕೇಳಬೇಡಿ.) ಪ್ಯಾಸೆಂಜರ್ ಹೊರಟು, ಸುರಂಗ ಹೊಕ್ಕು, ಸೇತುವೆಯ ಮೇಲೆ ನನ್ನ ಸೊಂಟದ ಮುಂದೆಯೇ ಹಾದು ಬೆಟ್ಟದ ಸ್ಟೇಷನ್ ಸೇರಿತು. ಒಂದು ಚಕ್ರ ಅಲ್ಲಾಡಲಿಲ್ಲ. ಅತ್ತೆ ಹಸಿರು ಬಾವುಟ ಎತ್ತಿದರು. ಇವರು ಭೂತಗನ್ನಡಿಯ ಹಿಂದಿನಿಂದ ಆನೆಯಷ್ಟು ದೊಡ್ಡ ಕಣ್ಣು ಮಾಡಿಕೊಂಡು, “ನೀನು ನಿಂತ್ರೆ ಹೇಗೆ ಓಡುತ್ತೆ ನೋಡು ಕಣೇ!” ಎಂದರು. ಎದೆ ಉಬ್ಬಿತು. ಗೆದ್ದವಳ ಗತ್ತಿನಲ್ಲಿ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದೆ.

ಎಂಟಾಗಿತ್ತು.

ಓಡಿದೆ. ನನ್ನಂಥ ಗಾತ್ರದವಳು ಓಡುವುದನ್ನು ಬೀದಿಯವರು ಅಂಗಡಿಯಿಂದ ಹೊರಬಂದು ನೋಡಿದರು. ನಿಲ್ದಾಣ ಮುಟ್ಟುವಾಗ ಎಂಟರ ಬಸ್ಸು ನಿಲ್ಲುವ ಜಾಗ ಖಾಲಿಯಾಗಿತ್ತು. ಅದನ್ನು ಮೀಸೆ ಹೊರಡಿಸಿದ್ದ. ಸರಿಯಾಗಿ ಎಂಟಕ್ಕೇ! ಕ್ವಾರ್ಟರ್ಸ್ ಅವನ ಹೆಂಡತಿಗೂ ಬೇಕಾಗಿತ್ತು. ನಸುಕಿನಲ್ಲೇ ಅವನನ್ನು ಮನೆಯಿಂದ ಹೊರಗೆ ತಳ್ಳಿ ಚಿಲಕ ಹಾಕಿಕೊಂಡಿದ್ದಳಂತೆ. ಅವನ ಪಕ್ಕದಲ್ಲಿ ಸಾಹೇಬರು. ಸುತ್ತ ಡ್ರೈವರ್‌ಗಳು, ನಾನು ಇಷ್ಟು ವರ್ಷ ಬೈದವರೆಲ್ಲ, ಸಾಲಾಗಿ.

“ಯಾಕಮ್ಮ ತಡ?” ಎಂದರು ಸಾಹೇಬರು.

ಹೊಟ್ಟೆನೋವು ಎನ್ನಬಹುದಿತ್ತು. ಆದರೆ ಸುಳ್ಳು ನೆಪ ಹೇಳುವವರನ್ನು ಬೈದು ಬೈದು ನನಗೆ ಸುಳ್ಳು ಹೇಳುವುದೇ ಮರೆತುಹೋಗಿದೆ.

“ಗೇಟ್ ಬಿದ್ದಿತ್ತು ಸಾರ್.”

“ಯಾವ ಗೇಟು?”

“ರೈಲ್ವೆ ಗೇಟು.”

ಸಾಹೇಬರು ಮೀಸೆಯ ಮುಖ ನೋಡಿದರು. ಮೀಸೆ ಡ್ರೈವರ್‌ಗಳ ಮುಖ ನೋಡಿದ. “ಈ ಊರಿಗೆ ರೈಲೇ ಇಲ್ವಲ್ಲಮ್ಮ?”

“ಊರಿಗಿಲ್ಲ ಸಾರ್. ನಮ್ಮನೇಗಿದೆ.”

ಹಿಂದೆ ಯಾರೋ ಕೆಮ್ಮಿದರು. ಇನ್ಯಾರೋ ಬಸ್ಸಿನ ಹಿಂದೆ ಹೋಗಿ ಬಗ್ಗಿ ನಿಂತರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಮರ್ಯಾದೆ ಒಂದಿಷ್ಟಾದರೂ ಉಳಿಯುತ್ತಿತ್ತು. ಆದರೆ ನನಗೆ ಕೋಪ ಬಂದಿತ್ತು, ಕೋಪ ಬಂದರೆ ನಾನು ಪೂರ್ತಿ ಹೇಳಿಯೇ ಬಿಡುವವಳು. “ಗೂಡ್ಸ್ ಗಾಡಿ ಸೇತುವೆ ಮೇಲೆ ಹಳಿ ತಪ್ಪಿತ್ತು ಸಾರ್. ನಾನೇ ನಿಂತು ಸರಿ ಮಾಡಿಸಿ, ಪ್ಯಾಸೆಂಜರ್ ಬಿಟ್ಟು ಬಂದೆ. ನನ್ನ ಕಣ್ಣೆದುರಿಗೆ ಗಾಡಿ ತಡ ಆಗ್ತಿದ್ರೆ ಹಾಗೇ ಬಿಟ್ಟು ಬರೋಕಾಗುತ್ತಾ?”

ಸಾಹೇಬರು ತಮ್ಮ ಕೈಗಡಿಯಾರ ನೋಡಿಕೊಂಡರು. ಆಮೇಲೆ ಮೆಲ್ಲಗೆ, “ಬಹಳ ಸಂತೋಷ. ನಿಮ್ಮ ರೈಲನ್ನ ನೀವು ಬಿಟ್ರಿ. ನಮ್ಮ ಬಸ್ಸನ್ನ ಇವರು ಬಿಟ್ರು” ಎಂದು ಮೀಸೆಯ ಕೈ ಕುಲುಕಿದರು.

ಹುದ್ದೆ ಅವನದಾಯಿತು, ಕ್ವಾರ್ಟರ್ಸೂ ಅವನದಾಯಿತು. ಸಂಜೆ ಅವನು ನನ್ನ ಹತ್ತಿರ ಬಂದು ಸಮಾಧಾನದ ದನಿಯಲ್ಲಿ, “ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಮನೆ ಏನು ಅಂಥಾ ಚೆನ್ನಾಗಿಲ್ಲ. ಅಡುಗೆಮನೆಗೆ ಎರಡೆರಡು ಬಾಗಿಲು, ಸುಮ್ನೆ ಗಾಳಿ. ಒಂದನ್ನ ಇಟ್ಟಿಗೆ ಹಾಕಿ ಮುಚ್ಚಿಸಿಬಿಡ್ತೀನಿ” ಎಂದ. ಅವನನ್ನು ಅಲ್ಲೇ ಇಟ್ಟಿಗೆ ಹಾಕಿ ಮುಚ್ಚಿಸಬೇಕೆನ್ನಿಸಿತು. ನಿಲ್ದಾಣದ ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟೆ. ದುಃಖಕ್ಕಲ್ಲ, ಕೋಪಕ್ಕೆ. ಸರಿ, ದುಃಖಕ್ಕೂ.

ಮನೆಗೆ ಬರುವ ದಾರಿಯುದ್ದಕ್ಕೂ ಏನೇನು ಕಿತ್ತು ಎಸೆಯಬೇಕು ಎಂದು ಒಂದೊಂದಾಗಿ ಎಣಿಸಿಕೊಂಡು ಬಂದೆ. ಮೊದಲು ಸೇತುವೆ, ಆಮೇಲೆ ಬೆಟ್ಟ, ಆಮೇಲೆ ಗಂಡ. ಬಾಗಿಲು ತಳ್ಳಿ ಒಳಗೆ ಬಂದರೆ ಸೇತುವೆ ಇಲ್ಲ. ಕೀಲು ಸಮೇತ ಬಿಚ್ಚಿ ಗೋಡೆಗೆ ಒರಗಿಸಿದೆ. ಇವರು ನೆಲದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಒಬ್ಬ ಡ್ರೈವರ್ ಕನ್ನಡಕ ಸರಿಮಾಡಿಸಿಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿ ಎಲ್ಲ ಹೇಳಿ, ನಕ್ಕು, ಕಣ್ಣೊರೆಸಿಕೊಂಡು ಹೋಗಿದ್ದನಂತೆ.

“ತೆಗೆದುಬಿಟ್ಟೆ ಕಣೇ” ಎಂದರು ಇವರು. ಅವರ ಕಣ್ಣು ಕೆಂಪಾಗಿತ್ತು. “ನನ್ನಿಂದ ನಿನ್ನ ಬಡ್ತಿ ಹೋಯ್ತು. ನಿನ್ನ ಮನೆ ನಿನಗೆ. ನಾಳೆ ಎಲ್ಲ ಮಾರಿಬಿಡ್ತೀನಿ.”

ನಾನು ಹಾಲ್‌ನಿಂದ ಅಡುಗೆಮನೆಗೆ ಹೋದೆ. ಯಾರೂ ತಡೆಯಲಿಲ್ಲ. ಅಡುಗೆಮನೆಯಿಂದ ಹಾಲ್‌ಗೆ ಬಂದೆ. ಯಾರೂ ಏನೂ ಅನ್ನಲಿಲ್ಲ. ಮತ್ತೊಮ್ಮೆ ಹೋಗಿ ಬಂದೆ. ಇಷ್ಟು ದಿನ ಇದಕ್ಕಾಗಿಯೇ ಬಾಯಿ ಬಡಿದುಕೊಂಡಿದ್ದೆ, ಆದರೆ ಮನೆ ಬಿಕೋ ಎನ್ನುತ್ತಿತ್ತು. ಬೈಯಲು ಬಾಯಿ ತೆರೆದರೆ ಬೈಯುವುದಕ್ಕೆ ಏನೂ ಸಿಗಲಿಲ್ಲ. ಬೆಟ್ಟದ ಸ್ಟೇಷನ್ನಿನಲ್ಲಿ ಉಗುರಿನಷ್ಟು ಎತ್ತರದ ಪ್ಲಾಸ್ಟಿಕ್ ಮನುಷ್ಯರು ಪೆಟ್ಟಿಗೆ ಹಿಡಿದು ನಿಂತಿದ್ದರು. ಗಡಿಯಾರದಲ್ಲಿ ಏಳಕ್ಕೆ ಇನ್ನೇನು ಸ್ವಲ್ಪವೇ ಇತ್ತು.

“ರೀ, ಏಳರ ಎಕ್ಸ್‌ಪ್ರೆಸ್?”

“ಸೇತುವೆನೇ ಇಲ್ವಲ್ಲ ಕಣೇ.”

“ಹಾಗಂತ ಈ ಜನ ಎಲ್ಲ ಅಲ್ಲೇ ನಿಂತು ಸಾಯ್ಬೇಕಾ? ಟಿಕೆಟ್ ತಗೊಂಡಿಲ್ವಾ ಅವ್ರು? ಎದ್ದೇಳಿ! ಹಾಕಿ ಸೇತುವೆ! ಏನು ನನ್ನ ಮುಖ ನೋಡ್ತೀರಿ, ಹೊತ್ತಾಗ್ತಿದೆ!”

ಇವರು ಒಂದು ಕ್ಷಣ ನನ್ನನ್ನೇ ನೋಡಿ, ಸ್ಕ್ರೂಗಳನ್ನು ಬಾಯಲ್ಲಿಟ್ಟುಕೊಂಡು ಎದ್ದೇಬಿಟ್ಟರು. ಸೇತುವೆ ಮತ್ತೆ ಕೀಲಿಗೆ ಕೂತು ಗೋಡೆಗೆ ಒರಗಿತು. ನಾನು ಸೊಂಟಕ್ಕೆ ಕೈಯಿಟ್ಟು, “ಅಲ್ಲಿ ಅವರು ಕೊಡದಿದ್ರೆ ಬೇಡ. ಇವತ್ತಿಂದ ಈ ಮನೇಲಿ ಮುಖ್ಯ ಕಂಟ್ರೋಲರ್ ನಾನು. ನನ್ನ ಮಾತಿಲ್ಲದೆ ಒಂದು ಗಾಲಿ ಅಲ್ಲಾಡ್ಬಾರ್ದು” ಎಂದೆ.

ಅತ್ತೆ ಸ್ಟೂಲಿನ ಮೇಲಿಂದ ಗಂಟಲು ಸರಿಮಾಡಿಕೊಂಡರು. “ಆ ಜಾಗ ತುಂಬಿಬಿಟ್ಟಿದೆಯಲ್ಲಮ್ಮ.”

“ಯಾರು?”

“ನಾನು. ಬೆಳಿಗ್ಗೆ ನೀನು ಪ್ಯಾಸೆಂಜರ್ ವಾಪಸ್ ಬರೋಕೂ ಮುಂಚೆ ಡ್ಯೂಟಿ ಬಿಟ್ಟು ಓಡಿಹೋದೆ. ಆಮೇಲಿನ ಗಾಡೀನೆಲ್ಲ ಯಾರು ನೋಡ್ಕೋಬೇಕು? ಎಲ್ಲಾನೂ ಹೊತ್ತಿಗೆ ಸರಿಯಾಗಿ ನಾನೇ ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಮಗ ನನ್ನನ್ನೇ ಮುಖ್ಯ ಕಂಟ್ರೋಲರ್ ಮಾಡಿದ.”

ನಾನು ಇವರ ಕಡೆ ತಿರುಗಿದೆ. ಇವರಿಗೆ ಆ ಗಳಿಗೆಯಲ್ಲೇ ಒಂದು ಸ್ಕ್ರೂ ಬಹಳ ಬಿಗಿಯಾಗಿ ಕೂರಿಸಬೇಕಾಗಿ ಬಂತು.

“ಬೇಕಿದ್ರೆ ಗೇಟ್ ಕಾಯೋ ಕೆಲಸ ಖಾಲಿ ಇದೆ” ಎಂದರು ಅತ್ತೆ. “ಟೈಮಿಗೆ ಸರಿಯಾಗಿ ಬರ್ತೀಯಾ?”

ಒಂದೇ ದಿನದಲ್ಲಿ ಒಂದೇ ಹುದ್ದೆ ಎರಡು ಕಡೆ ಕೈತಪ್ಪಿತು. ಬಾವುಟಗಳನ್ನು ತೆಗೆದುಕೊಂಡು ಸ್ಟೂಲಿನ ಮೇಲೆ ಕೂತೆ. ಅತ್ತೆ ನನ್ನ ಕತ್ತಿನ ಕಡೆ ಕೈ ಚಾಚಿ, “ಅದನ್ನ ಇಲ್ಲಿ ಕೊಡು. ಅದು ದೊಡ್ಡವರ ಹತ್ರ ಇರ್ಬೇಕು” ಎಂದರು. ಸೀಟಿ ಬಿಚ್ಚಿ ಕೊಟ್ಟೆ. ಅವರು ಅದನ್ನು ಸೆರಗಿನಿಂದ ಒರೆಸಿ ಜೋರಾಗಿ ಊದಿದರು. ಎಕ್ಸ್‌ಪ್ರೆಸ್ ಹೊರಟು ಸುರಂಗ ಹೊಕ್ಕಿತು. ನಾನು ಅದು ಬೀರುವಿನಲ್ಲಿ ತೂಗುಹಾಕಿದ ಯೂನಿಫಾರ್ಮುಗಳ ಮಧ್ಯದಿಂದ ಹೊರಬರುವುದನ್ನೇ ನೋಡುತ್ತಾ ಕೂತು, ಸೇತುವೆ ಇಳಿಸಲು ಒಂದು ಉಸಿರಿನಷ್ಟು ತಡಮಾಡಿದೆ.

“ಏಯ್! ಎಲ್ಲಿದೆ ಗಮನ? ನಿದ್ದೆ ಮಾಡೋಕೆ ಬಂದಿದ್ದೀಯಾ ಇಲ್ಲಿ?” ಎಂದು ಅತ್ತೆ ಗುಡುಗಿದರು. ಕೋಪದಿಂದ ನನ್ನ ಕಿವಿಯವರೆಗೂ ಬಿಸಿಯಾಯಿತು. ಎದ್ದು ನಿಂತು, ಸೇತುವೆ ಇಳಿಸಿ, ತಲೆ ತಗ್ಗಿಸಿ, “ಸಾರಿ ಮೇಡಂ” ಎಂದೆ.